ಮೂರು ಗ್ಲಾಸು, ಒಂದು ಚಿಟಿಕೆ ಅರಿಷಿಣ

"ಈ ಉತ್ತರ ಪುಸ್ತಕದ್ದಲ್ಲರಿ, ಅಡಿಗಿ ಮನೀದು!"

ರಸಾಯನಶಾಸ್ತ್ರದ ಅಧ್ಯಾಪಕ ಗುರುಸಿದ್ದಯ್ಯ ಹಾಗೆಂದದ್ದೇ ತಡ, ಹುಡುಗರು ಗೊಳ್ಳೆಂದು ನಕ್ಕರು.

ಸಾವಿರದ ಒಂಬೈನೂರ ಮೂವತ್ತೆಂಟು, ಧಾರವಾಡದ ಕಾಲೇಜು, ಶನಿವಾರದ ಒಗಟಿನ ಹೊತ್ತು. ಬಟ್ಟೆಯ ಹಳದಿ ಕಲೆ ಸಾಬೂನು ತಾಗಿದರೆ ಯಾಕೆ ಕೆಂಪಾಗುತ್ತದೆ? ಅರಿಷಿಣಕ್ಕೆ ಕ್ಷಾರ ತಾಗಿದರೆ ಹಾಗೇ ಎಂದು ಹೇಳಿದವಳು ತರಗತಿಯ ಒಬ್ಬಳೇ ಹುಡುಗಿ, ಶಿವಲಿಂಗವ್ವ.

‘ಹೆಣ್ಣಂದ್ರ ಒಲಿ ಮುಂದ ಕೂಡಬೇಕು ಅಂತ ಇವರ ಲೆಕ್ಕ!’ ಅವಳ ಕಣ್ಣು ತುಂಬಿತು. ಆದರೂ ತಲೆ ಬಾಗಲಿಲ್ಲ.

ಎಂಟೇ ದಿನಕ್ಕೆ ಗುರುಸಿದ್ದಯ್ಯನೇ ತಾಯಿ ಈರವ್ವನೊಡನೆ ಅವಳ ಮನೆಗೆ ಹೆಣ್ಣು ನೋಡಲು ಬಂದ! ಅಪ್ಪನಿಗೆ ಹಿಗ್ಗೋ ಹಿಗ್ಗು. ಅವಳಿಗೆ ಒಂದೇ ಚಿಂತೆ: ಇವನನ್ನು ಒಪ್ಪಿದರೆ ಕಾಲೇಜು ಮುಗಿದಂತೆ.

ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ‘ಶಿವನೇ, ಧೈರ್ಯ ನೀ ಕೊಡು, ಮಾತು ನಾ ಆಡ್ತೇನಿ’ ಎಂದು ಹೊರಗೆ ಬಂದಳು. ಎಲೆ-ಅಡಿಕೆ, ಅರಿಷಿಣದ ತಾಟಿನಲ್ಲಿ ಮೂರು ಗ್ಲಾಸು.

"ಚಹಾ ಇಲ್ಲೇನವಾ?" ಈರವ್ವ ಬಗ್ಗಿ ನೋಡಿದರು. "ಸಕ್ಕರಿ ತೀರೈತೇನು?"

"ಮೊದಲು ಒಗಟು, ಆಮ್ಯಾಲೆ ಚಹಾ. ಒಂದು ಬರೇ ನೀರು, ಒಂದು ಸುಣ್ಣದ ತಿಳಿ, ಒಂದು ಸೋಸಿದ ನಿಂಬಿ ನೀರು. ರುಚಿ ನೋಡಬಾರದು, ಮೂಸಬಾರದು. ತಾಟಿನಾಗಿಂದು ಒಂದೇ ಸಾಮಾನು ತಗೊಂಡು ಯಾವುದು ಯಾವುದು ಹೇಳ್ರಿ ಸರ್. ಇಲ್ಲಂದ್ರ... ಟಾಂಗಾ ಬಾಗಲಾಗ ಐತಿ!"

"ಶಿವಲಿಂಗೀ!" ಅಪ್ಪ ಗದರಿದರು.

"ಇರ್ಲಿ ಬಿಡ್ರಿ ಅಯ್ಯಾರ," ಈರವ್ವ ನಕ್ಕರು. "ನನ್ನ ಮಗ ಊರಿಗೆಲ್ಲಾ ಒಗಟು ಹಾಕ್ತಾನ. ಇವತ್ತ ಅವಗೂ ಒಬ್ರು ಹಾಕ್ಲಿ!"

ಗುರುಸಿದ್ದಯ್ಯ ಮೂರಕ್ಕೂ ಚಿಟಿಕೆ ಅರಿಷಿಣ ಉದುರಿಸಿದ. ಒಂದು ಕೆಂಪಾಯಿತು.

"ಇದು ಸುಣ್ಣದ್ದು."

ಉಳಿದೆರಡೂ ಹಳದಿ! ‘ಈಗ ಸಿಕ್ಕಿಬಿದ್ರು’ ಎಂದುಕೊಂಡಳು. ಅವನು ಆ ಕೆಂಪು ನೀರನ್ನೇ ಎರಡಕ್ಕೂ ಹನಿ ಹನಿ ಬಿಟ್ಟ. ಒಂದು ಕೆಂಪೇರಿತು. ಇನ್ನೊಂದು ಹಳದಿಯಾಗಿಯೇ ಉಳಿಯಿತು.

"ಕೆಂಪು ನುಂಗಿದ್ದು ನಿಂಬಿ!"

"ಯಾವ ಪುಸ್ತಕದಾಗ ಓದಿದ್ರಿ?"

"ಅಡಿಗಿ ಮನ್ಯಾಗ." ಅವನ ದನಿ ಇಳಿಯಿತು. "ನಮ್ಮವ್ವ ಅರಿಷಿಣಕ್ಕ ಸುಣ್ಣ ಕಲಸಿ, ಕುಂಕುಮ ಮಾಡಿ ಮಾರಿ ನನಗ ಸಾಲಿ ಕಲಿಸ್ಯಾಳ. ಆಕಿನೇ ನನ್ನ ಮೊದಲ ಗುರು. ಅವತ್ತ ನಾ ನಿಮ್ಮನ್ನ ಹೊಗಳಿದ್ದೆ... ಹುಡುಗರು ನಕ್ಕಾಗ ಸುಮ್ಮನಿದ್ದದ್ದು ನನ್ನ ತಪ್ಪು."

ಶಿವಲಿಂಗವ್ವ ಈರವ್ವನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕೆಂಪು...

"ನಾ ಕಾಲೇಜು ಬಿಡಂಗಿಲ್ಲ."

"ನೀವು ಬಿಟ್ರ ಶನಿವಾರ ಉತ್ತರ ಹೇಳೋರು ಯಾರ್ರಿ?"

ಅವಳು ಈರವ್ವನ ಪಕ್ಕ ಹೋಗಿ ಕುಳಿತಳು.

"ಅತ್ತಿ, ಮದವಿ ಕುಂಕುಮ ನೀವೇ ಮಾಡ್ರಿ. ಕಲಸಾಕ ನಾನೂ ಬರ್ತೇನಿ."

ಅಪ್ಪ ಕಣ್ಣೊರೆಸಿಕೊಂಡರು. ಗುರುಸಿದ್ದಯ್ಯ ಮೆಲ್ಲಗೆ ಕೇಳಿದ, "ಮತ್ತ... ಶನಿವಾರದ ಒಗಟು?"

"ವಾರ ಬಿಟ್ಟು ವಾರ ನಂದು!"