ಕೊಂಡಿ ಹಾಕದ ಸೀರೆ

"ಒಳಗ ಬರಬ್ಯಾಡ. ಅಲ್ಲೇ ನಿಂದ್ರು."

ಕಲ್ಲಪ್ಪ ಬಾಗಿಲನ್ನು ಅರ್ಧವಷ್ಟೇ ತೆರೆದು ಹೇಳಿದ. ಕರೋನಾ ಬಂದ ಮೊದಲ ವರ್ಷ. ಇಳಕಲ್ಲಿನ ಮಗ್ಗಗಳೆಲ್ಲ ಸುಮ್ಮನಾಗಿದ್ದವು. ಕಸ್ತೂರಿಯ ಓಣಿಯಲ್ಲಿ ಒಂದು ಕೇಸು ಸಿಕ್ಕಿ, ಓಣಿಗೆ ಅಡ್ಡ ಬಿದಿರು ಕಟ್ಟಿ, ಆಗಷ್ಟೇ ಬಿಚ್ಚಿದ್ದರು. ಸೆರಗಿನಿಂದ ಮುಖ ಮುಚ್ಚಿಕೊಂಡು ಅವನ ಮಗ್ಗದ ಕೆಲಸಕ್ಕೆ ಬಂದಿದ್ದ ಅವಳು ಬಾಗಿಲಿಂದಲೇ ತಿರುಗಿ ನಡೆದಳು.

ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು, ಎಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕೈಯಿಂದ ಒಂದಕ್ಕೊಂದು ಸಿಕ್ಕಿಸುವುದೇ ಕೊಂಡಿ ಹಾಕುವುದು. ಗಂಡ ತೀರಿದ ಮೇಲೆ ಅಣ್ಣನ ಮನೆಯಲ್ಲಿದ್ದ ಕಸ್ತೂರಿಗೆ ಅದೇ ಕೆಲಸ. ಹೆಂಡತಿಯನ್ನು ಕಳೆದುಕೊಂಡ ಕಲ್ಲಪ್ಪನ ಮಗ್ಗದ ಮುಂದೆ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು. ಅವನು ಎಳೆಗಳ ಸಂದಿಯಿಂದ ನೋಡುವನು. ಅವಳು ತಲೆ ಎತ್ತಿದರೆ ನೇಯುವ ಲಾಳಿ ಹುಡುಕುವವನಂತೆ ಆಡುವನು.

"ಲಾಳಿ ನಿಮ್ಮ ಕೈಯಾಗ ಐತ್ರಿ" ಎಂದು ಅವಳು ನಗುತ್ತಿದ್ದಳು.

ಅಂಥವನು ತನ್ನನ್ನೇ ರೋಗವೆಂದು ತಿಳಿದನಲ್ಲ ಎಂಬ ನೋವು ಅವಳಲ್ಲಿ ಉಳಿಯಿತು. ಆಮೇಲೆ ಅವಳು ಅತ್ತ ಹೋಗಲಿಲ್ಲ.

ಎರಡನೆಯ ವರ್ಷ ರೋಗ ಇನ್ನೂ ಜೋರಾಯಿತು. ಬಾಗಲಕೋಟೆಯ ಆಸ್ಪತ್ರೆಗೆ ಒಯ್ದ ಅಣ್ಣ ತಿರುಗಿ ಬರಲಿಲ್ಲ. ಮುಖವನ್ನೂ ದೂರದಿಂದಲೇ ತೋರಿಸಿದರು. ಲಸಿಕೆಯ ಸೂಜಿ ಹಾಕಿಸಿಕೊಂಡದ್ದಾಯಿತು, ಬಸ್ಸು ಓಡಿದವು, ಮಗ್ಗ ಸದ್ದು ಮಾಡಿದವು. ಅಳುವುದಕ್ಕೂ ಬೇಸರ ಬಂದಿತ್ತು. ಅತ್ತಿಗೆ ಇಂದ್ರವ್ವ ಬಾಗಲಕೋಟೆ ನವನಗರದ ಮಗಳ ಮನೆಯಲ್ಲೇ ಇನ್ನು ಇರುವುದೆಂದು ಗಂಟು ಕಟ್ಟಿದಳು. ಕಸ್ತೂರಿಯೂ ಜೊತೆಗೆ ಹೊರಡಬೇಕು.

"ಕಲ್ಲಪ್ಪನಾರು ಹೇಳಿ ಕಳಿಸ್ಯಾರವಾ. ಒಂದ ಕೊಂಡಿ ಐತಂತ" ಎಂದಳು ಅತ್ತಿಗೆ.

"ಬ್ಯಾರೆ ಯಾರನ್ನರ ಕರೀಲಿ ವೈನಿ."

"ಊರು ಬಿಡೂಮುಂದ ಸಿಟ್ಟ್ಯಾಕ? ಹೋಗಿ ಬಾ."

ಈ ಸಲ ಬಾಗಿಲು ಪೂರ್ತಿ ತೆರೆದಿತ್ತು. ಕಲ್ಲಪ್ಪ ಸೊರಗಿದ್ದ. ಮಗ್ಗದ ಮೇಲಿನ ಹಾಸಿನ ಎಳೆಗಳಿಗೆ ಹಳೆಯ ಧೋತರ ಹೊದಿಸಿತ್ತು. ಅದನ್ನು ಸರಿಸಿದ ಕಸ್ತೂರಿಗೆ ಅಂದು ಬಾಗಿಲ ಸಂದಿಯಲ್ಲಿ ಕಂಡಿದ್ದ ಬಣ್ಣದ ಗುರುತು ಸಿಕ್ಕಿತು.

"ಲಾಕ್‌ಡೌನಿನ್ಯಾಗಿನ ಹಾಸ ಇದು."

"ಹೂಂ. ಹೊಟ್ಟಿಪಾಡಿಗೆ ಬ್ಯಾರೆ ಮಂದಿ ಮಗ್ಗದಾಗ ನೇಯ್ದೆ. ಇದನ್ನ ಮುಟ್ಟಲಿಲ್ಲ."

"ಅವತ್ತ ನನ್ನ ಹೊರಗ ನಿಂದ್ರಿಸಿದ್ರಿ."

"ಜ್ವರ ಇತ್ತು ನನಗ."

"ಒಂದ ಮಾತ ಹೇಳಬಾರದೇನ್ರಿ?"

"ಹೇಳಿದ್ರ ನೀ ಒಳಗ ಬಂದು ಗಂಜಿ ಕಾಸ್ತಿದ್ದಿ."

ಅವಳು ಕಾಸುತ್ತಿದ್ದಳು, ಖರೆ. ತಲೆ ತಗ್ಗಿಸಿ ಎಳೆ ಹಿಡಿದಳು. ಕೊಂಡಿಯ ಹಿಂದೆ ಕೊಂಡಿ ಬಿದ್ದಿತು.

"ಯಾರ ಸೀರಿ ಇದು?"

"ಉಡಕಿಗೆ."

ಉಡಕಿಯೆಂದರೆ ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಬ್ಬ ಕೈ ಹಿಡಿಯುವುದು. ಕಸ್ತೂರಿಯ ಬೆರಳು ನಿಂತವು.

"ಯಾರ ಉಡಕಿ?"

ಕಲ್ಲಪ್ಪ ಅತ್ತಿತ್ತ ನೋಡಿದ.

"ಲಾಳಿ ಕೈಯಾಗ ಐತ್ರಿ" ಎಂದಳು ಕಸ್ತೂರಿ.

ಅವನು ಲಾಳಿಯನ್ನು ಕೆಳಗಿಟ್ಟ. "ಈ ಸೀರಿ ಉಡೋ ಆಕಿ ಹೂಂ ಅಂದ್ರ, ನಂದು."

ಅವಳು ಮಾಸ್ಕನ್ನು ಗದ್ದಕ್ಕೆ ಸರಿಸಿದಳು. ಎಷ್ಟೋ ದಿನದ ಮೇಲೆ ಅವನು ಆ ಮುಖವನ್ನು ಪೂರ್ತಿ ಕಂಡ. ಹಣೆಯ ಬದಿಯಲ್ಲಿ ಬಿಳಿಗೂದಲು, ಕಣ್ಣ ಕೆಳಗೆ ಕಪ್ಪು.

"ನಾ ಭಾಳ ದಣದೀನ್ರಿ" ಎಂದಳು.

"ನಾನೂ."

ಗಂಟು ಹೊತ್ತು ಬಂದ ಇಂದ್ರವ್ವ ಹೊರಗಿನಿಂದ ಕೂಗಿದಳು. "ಆತೇನವಾ? ಬಸ್ಸಿನ ಹೊತ್ತಾತು."

ಕಸ್ತೂರಿ ಮುಂದಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು.

"ನೀವು ನಡೀರಿ ವೈನಿ. ಈ ಸೀರಿ ನನ್ನ ಹೊರತು ಮುಗಿಯಂಗಿಲ್ಲ."