ಬೋರಯ್ಯಜ್ಜನ ಕೊನೇ ಗುಟುಕು

"ಚೆಂಬು ಕೆಳಗಿಡ್ರೀ! ಇಡ್ರೀ ಅಂದ್ರೆ!"

ಗಿರಿಜಾಂಬಿಕಾ ತಲೆಯೆತ್ತುವಷ್ಟರಲ್ಲಿ ಆ ಮನುಷ್ಯ ಅವಳ ಕೈಯಿಂದ ಚೆಂಬು ಕಿತ್ತುಕೊಂಡಾಗಿತ್ತು. ಎಳನೀರು ನೆಲದ ಮೇಲೆಲ್ಲ ಚೆಲ್ಲಿತು.

"ಯಾರ್ರೀ ನೀವು?"

"ಡಾಕ್ಟರ್. ಪಕ್ಕಕ್ಕೆ ಸರೀರಿ."

ಹೆಸರು ತೋಂಟದಾರ್ಯ. ತುರುವೇಕೆರೆಯಲ್ಲಿ ಹೊಸದಾಗಿ ಕ್ಲಿನಿಕ್ ತೆಗೆದಿದ್ದ. ಊರಿಂದ ನಾಲ್ಕು ಮೈಲಿ, ಮಾಯಸಂದ್ರದ ರಸ್ತೆಯಲ್ಲಿದ್ದ ಆ ವೃದ್ಧಾಶ್ರಮಕ್ಕೆ ಅವನು ಕಾಲಿಟ್ಟಿದ್ದು ಅದೇ ಮೊದಲು. ಕಾವಲಿನ ಶ್ರೀರಂಗಯ್ಯ ಸೈಕಲ್ ತುಳಿದು ಹೋಗಿ ಕರೆತಂದಿದ್ದ.

ಚಾಪೆಯ ಮೇಲೆ ಬೋರಯ್ಯಜ್ಜ ಮಲಗಿದ್ದ. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದವನಿಗೆ ಎಚ್ಚರವೇ ಇಲ್ಲ. ಗಂಟಲಲ್ಲಿ ಗೊರಗೊರ ಸದ್ದು. ಡಾಕ್ಟರು ಅವನನ್ನು ಮಗ್ಗುಲಿಗೆ ಹೊರಳಿಸಿದ, ಬಾಯೊಳಗೆ ಬೆರಳು ಹಾಕಿ ಒರೆಸಿದ, ಬೆನ್ನು ತಟ್ಟಿದ, ಇಂಜೆಕ್ಷನ್ ಕೊಟ್ಟ... ಏನು ಮಾಡಿದರೂ ಆ ಸದ್ದು ನಿಲ್ಲಲಿಲ್ಲ.

"ಡಾಕ್ಟ್ರೇ, ಇನ್ನೊಂದೇ ಒಂದು ಗುಟುಕು..." ಗಿರಿಜಾ ಅಂಗಲಾಚಿದಳು. "ಹೋಗೋ ಜೀವ ಕಣ್ರೀ. ಕೊನೇ ಗಳಿಗೇಲಿ ಬಾಯಿಗೆ ಒಂದು ತೊಟ್ಟು ಬಿಡದೆ ಹೆಂಗ್ ಕಳಿಸೋದು?"

"ಏನೂ ಹಾಕಕೂಡದು."

ಹನ್ನೊಂದು ಗಂಟೆಗೆ ಬೋರಯ್ಯಜ್ಜ ಹೋಗಿಬಿಟ್ಟ. ಒಣಗಿದ ತುಟಿಯಲ್ಲೇ!

ಡಾಕ್ಟರು ಖಾಲಿ ಚೆಂಬನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಅವಳ ಮುಖ ನೋಡದೆ, "ಹಾರ್ಟು ನಿಂತೋಯ್ತು. ಯಾರೂ ಏನೂ ಮಾಡೋ ಹಂಗಿರಲಿಲ್ಲ" ಅಂದು ಎದ್ದು ಹೋದ.

*ಕಲ್ಲು ಮನುಷ್ಯ!* ಅಂದುಕೊಂಡಳು ಗಿರಿಜಾ.

ಅವಳ ಸಿಟ್ಟು ನಿಮಗೆ ಅರ್ಥ ಆಗಬೇಕಾದರೆ ನಮ್ಮ ಸೀಮೆಯ ಸಂಗತಿ ಒಂದು ಹೇಳಬೇಕು. ನಮ್ಮಲ್ಲಿ ತೆಂಗು ಬೆಳೆಯೋದು ಕೊಬ್ಬರಿಗೆ. ಎಳೆಗಾಯಿ ಕೀಳೋಕೆ ಯಾರಿಗೂ ಕೈ ಬರಲ್ಲ. ಮನೆಗೆ ಬಂದ ಬೀಗರಿಗೂ ಮಜ್ಜಿಗೆ ಕೊಟ್ಟು ಕಳಿಸೋ ಜನ ನಾವು! ಆದರೆ ಯಾರಾದರೂ ಎಚ್ಚರ ತಪ್ಪಿ ಬಿದ್ದರು ಅನ್ನಿ, ಎರಡನೇ ಮಾತಿಲ್ಲ, ಮರ ಹತ್ತಿ ಎಳನೀರು ಇಳಿಸಿ ಬಾಯಿಗೆ ಬಿಡುತ್ತಾರೆ. ಪ್ರೀತಿ ಅಂದರೆ ಅದು. ಆ ಪ್ರೀತಿಯನ್ನು ಈ ಡಾಕ್ಟರು ನೆಲಕ್ಕೆ ಚೆಲ್ಲಿದ್ದ.

ಅದೂ ಯಾರಿಗೆ ಅಂತ ಇಳಿಸಿದ್ದು? ಮದುವೆ ಮುರಿದು, ತವರಲ್ಲೂ ಜಾಗವಿಲ್ಲದೆ, ಇಪ್ಪತ್ತಾರನೇ ವಯಸ್ಸಿಗೆ ಈ ಆಶ್ರಮ ನೋಡಿಕೊಳ್ಳೋ ಕೆಲಸಕ್ಕೆ ಬಂದ ಗಿರಿಜಾಳನ್ನು ಮೊದಲ ದಿನವೇ "ಮಗಾ, ಉಂಡ್ಯಾ?" ಅಂತ ಕೇಳಿದ ಅಜ್ಜನಿಗೆ.

ಅಲ್ಲಿಂದ ತೋಂಟದಾರ್ಯ ಪ್ರತಿ ಗುರುವಾರ ಸ್ಕೂಟರಿನಲ್ಲಿ ಬರತೊಡಗಿದ. ಕರೆಯದೇ ಬರುತ್ತಿದ್ದ. ಹದಿನೆಂಟು ಮುದುಕರ ನಾಡಿ ಹಿಡಿದು, ಹುಣ್ಣು ತೊಳೆದು, ಉಗುರು ಕೂಡ ಕತ್ತರಿಸಿ ಹೋಗುತ್ತಿದ್ದ. ಹೋಗುವಾಗೆಲ್ಲ ಒಂದೇ ಮಾತು. "ಎಚ್ಚರ ಇಲ್ಲದೋರ ಬಾಯಿಗೆ ಏನೂ ಹಾಕಬೇಡಿ."

ಯಾಕೆ ಅಂತ ಮಾತ್ರ ಹೇಳುತ್ತಿರಲಿಲ್ಲ.

ಗಿರಿಜಾ ಅವನ ಜೊತೆ ನೇರ ಮಾತು ಬಿಟ್ಟೇಬಿಟ್ಟಳು. ಏನಿದ್ದರೂ ಅಡುಗೆಯ ಚಿಕ್ಕಗೌರಮ್ಮನ ಮೂಲಕವೇ.

"ಗೌರಮ್ಮ, ಡಾಕ್ಟ್ರಿಗೆ ಕಾಫಿ ಬೇಕಾ ಕೇಳು."

"ಎದುರಿಗೇ ನಿಂತವ್ರಲ್ಲ, ನೀನೇ ಕೇಳು ಬುಡು ತಾಯಿ!"

"ನೀನು ಕೇಳು ಅಂದೆ."

ಅವನು ನಗುತ್ತಿರಲಿಲ್ಲ. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋಗುತ್ತಿದ್ದ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ದ್ವೇಷಿಸುವವರನ್ನು ಯಾರಾದರೂ ಗೇಟು ದಾಟುವ ತನಕ ನೋಡ್ತಾರಾ? ನೀವೇ ಹೇಳಿ!

*ಇಷ್ಟು ಮೃದುವಾಗಿ ಹುಣ್ಣು ತೊಳೆಯೋ ಕೈ, ಅವತ್ತು ಅಷ್ಟು ಒರಟಾಗಿದ್ದು ಯಾಕೆ...?*

ಐದು ತಿಂಗಳು ಹೀಗೇ ಹೋಯಿತು.

ಅವತ್ತು ಗುರುವಾರ. ಸೊಪ್ಪು ಬಿಡಿಸುತ್ತಾ ಕೂತಿದ್ದ ಅಂಕಮ್ಮಜ್ಜಿ ಕೂತಲ್ಲೇ ವಾಲಿದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಕೂಗಿದರೆ ಓಗೊಡಲಿಲ್ಲ.

ಗಿರಿಜಾ ಓಡಿಬಂದು ಅಜ್ಜಿಯ ತಲೆಯನ್ನು ತೊಡೆಗಿಟ್ಟುಕೊಂಡಳು. *ಈ ಸಲ ಒಣಬಾಯಲ್ಲಿ ಕಳಿಸಲ್ಲ. ಯಾವ ಡಾಕ್ಟ್ರು ಏನಾದ್ರೂ ಅಂದುಕೊಳ್ಳಲಿ!*

"ಶ್ರೀರಂಗಯ್ಯಾ, ಎಳನೀರು!"

ಎರಡು ಚಮಚ ಹೋಯಿತು. ಮೂರನೆಯದಕ್ಕೆ ಅಜ್ಜಿಯ ಗಂಟಲಲ್ಲಿ ಗೊರಗೊರ ಶುರುವಾಯಿತು. ತುಟಿ ನೀಲಿಗೆ ತಿರುಗಿತು.

ಅದೇ ಸದ್ದು...

ಹೊರಗೆ ಸ್ಕೂಟರ್ ನಿಂತಿತು. ತೋಂಟದಾರ್ಯ ಓಡಿಬಂದ. ಬೈಯಲಿಲ್ಲ. ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ, ಬೋರಯ್ಯಜ್ಜ ಹೋದ ಮೇಲೆ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದ ರಬ್ಬರ್ ಟ್ಯೂಬ್ ತೆಗೆದು ಒಂದು ತುದಿಯನ್ನು ಅವಳ ಗಂಟಲಿಗೆ ಇಳಿಸಿದ. ಇನ್ನೊಂದು ತುದಿಯನ್ನು ತನ್ನ ಬಾಯಲ್ಲಿಟ್ಟು ಎಳೆದ. ಎಳೆದು ತಟ್ಟೆಗೆ ಉಗಿದ. ಮತ್ತೆ ಎಳೆದ. ಮತ್ತೆ ಉಗಿದ.

ತಟ್ಟೆಯಲ್ಲಿ ಕಫ. ಕಫದ ಜೊತೆ ಎಳನೀರು.

ಅಜ್ಜಿಯ ಉಸಿರು ಮೆಲ್ಲಗೆ ಹಗುರಾಯಿತು. ತುಟಿಗೆ ಬಣ್ಣ ಬಂತು.

ಗಿರಿಜಾ ಆ ತಟ್ಟೆಯನ್ನೇ ನೋಡುತ್ತಾ ನಿಂತಿದ್ದಳು.

"ಡಾಕ್ಟ್ರೇ..." ಐದು ತಿಂಗಳಲ್ಲಿ ಅವನಿಗೇ ಆಡಿದ ಮೊದಲ ಮಾತು. "ಬೋರಯ್ಯಜ್ಜಂಗೂ ಹಿಂಗೇ ಸದ್ದು ಬಂದಿತ್ತು. ನೀವು ಬರೋಕೆ ಮುಂಚೆ ಅರ್ಧ ಚೆಂಬು ಹಾಕಿದ್ದೆ ನಾನು."

ಅವಳು ತಟ್ಟೆಯ ಕಡೆ ಕೈ ತೋರಿಸಿದಳು.

"ಹೊಟ್ಟೆಗೆ ಹೋಗಿರಲಿಲ್ಲ, ಅಲ್ವಾ?"

"...ಇಲ್ಲ. ಎಚ್ಚರ ಇಲ್ಲದೋರಿಗೆ ನುಂಗೋಕಾಗಲ್ಲ. ಶ್ವಾಸಕೋಶಕ್ಕೆ ಇಳಿದಿತ್ತು."

"ಹಾರ್ಟು ಅಂದ್ರಲ್ಲಾ!"

"ಸುಳ್ಳು ಹೇಳಿದೆ."

ಅವಳು ಗೋಡೆಗೆ ಒರಗಿ ಕೂತಳು. ಅಳು ಬರಲಿಲ್ಲ. *ಉಂಡ್ಯಾ ಮಗಾ ಅಂದವರನ್ನ... ನಾನೇ...*

"ಯಾಕ್ ಹೇಳಲಿಲ್ಲ?"

"ಅವರ ತಲೆಯನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ರಿ ನೀವು. ನಿಮ್ಮ ಕೈಯಿಂದಲೇ ಹೋದ್ರು ಅಂತ ಹೇಳೋಕೆ ನನ್ನ ನಾಲಿಗೆ ಏಳಲಿಲ್ಲ. ನನ್ನನ್ನೇ ಬೈಕೊಂಡಿರಲಿ, ಕಟುಕ ಅಂದ್ಕೊಳ್ಳಲಿ ಬಿಡು ಅನ್ನಿಸ್ತು. ಆಮೇಲೆ ವಾರವಾರಾನೂ ಹೇಳ್ಬೇಕು ಅಂತಲೇ ಬರ್ತಿದ್ದೆ. ನಿಮ್ಮ ಮುಖ ನೋಡಿ ವಾಪಸ್ ಹೋಗ್ತಿದ್ದೆ."

"ನನ್ನ ಉಳಿಸೋಕೆ ಹೋಗಿ ಇವತ್ತು ಅಂಕಮ್ಮಜ್ಜೀನ ಕೊಲ್ಲಿಸ್ತಿದ್ರಲ್ರೀ!" ಅವಳ ದನಿ ಒಡೆಯಿತು. "ಅವತ್ತೇ ಹೇಳಿದ್ರೆ ನಾನು ಸತ್ತೇನೂ ಹೋಗ್ತಿರಲಿಲ್ಲ. ಅಳ್ತಿದ್ದೆ. ಆದ್ರೆ ಮತ್ತೆ ಚಮಚ ಹಿಡೀತಿರಲಿಲ್ಲ!"

"ಹೌದು. ಅವತ್ತಿನದು ತಿಳೀದೆ ಆದ ತಪ್ಪು, ನಿಮ್ದು. ಇವತ್ತಿನದು ತಿಳಿದೂ ಮಾಡಿದ್ದು, ನನ್ನದು. ನನ್ನದೇ ದೊಡ್ಡದು ಗಿರಿಜಾ."

ಅವನ ಕಣ್ಣು ತುಂಬಿತ್ತು. ಡಾಕ್ಟರು ಅಳೋದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಕಲ್ಲಲ್ಲ ಈ ಮನುಷ್ಯ, ಹೆದರುಪುಕ್ಕಲ! ಅವಳು ನೊಂದುಕೊಂಡಾಳು ಅಂತ ಹೆದರಿ ಬಾಯಿ ಮುಚ್ಚಿಕೊಂಡವನು. ಅವಳಿಗೆ ಸಿಟ್ಟೂ ಬಂತು, ಅದರ ಹಿಂದೆಯೇ ಸಂಕಟವೂ ಬಂತು.

ಅಜ್ಜಿಯ ಪಕ್ಕಕ್ಕೆ ಸರಿದು ಕೇಳಿದಳು. "ಈಗ ನಿಜ ಹೇಳಿ. ಅಜ್ಜಿ ಬದುಕ್ತಾರಾ?"

'ಎಲ್ಲಾ ಸರಿಹೋಗುತ್ತೆ' ಅನ್ನೋ ಮಾತು ಅವನ ಬಾಯಿತನಕ ಬಂತು. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಇಲ್ಲ. ಲಕ್ವ ಜೋರಾಗಿ ಹೊಡೆದಿದೆ. ಎರಡು ದಿನ... ಹೆಚ್ಚಂದ್ರೆ ಮೂರು. ತುಮಕೂರಿಗೆ ಸಾಗಿಸಿದ್ರೆ ದಾರೀಲೇ ಹೋಗ್ತಾರೆ."

"ನಾನು ಹಾಕಿದ್ದರಿಂದಾನಾ?"

"ಅಲ್ಲ. ಅದು ಹೊರಗೆ ಬಂತು. ಇದು ತಲೆಯೊಳಗೆ ರಕ್ತನಾಳ ಒಡೆದಿರೋದು. ನಂಬ್ತೀರಾ?"

ಅವಳು ಅವನ ಮುಖವನ್ನೇ ದಿಟ್ಟಿಸಿದಳು. "ಬದುಕಲ್ಲ ಅನ್ನೋದನ್ನ ಮುಚ್ಚಿಡದೆ ಹೇಳಿದ್ರಲ್ಲ. ಅದಕ್ಕೇ ಇದನ್ನೂ ನಂಬ್ತೀನಿ."

ಒದ್ದೆ ಬಟ್ಟೆಯಿಂದ ಅಜ್ಜಿಯ ತುಟಿ ಒರೆಸೋದು ಹೇಗೆ ಅಂತ ಅವನು ತೋರಿಸಿಕೊಟ್ಟ. ಅಷ್ಟು ಮಾಡಬಹುದಿತ್ತಂತೆ! ಅವಳು ಒರೆಸಿದಳು.

"ನೋವಾಗುತ್ತಾ ಇವ್ರಿಗೆ?"

"ಆಗದಂಗೆ ನೋಡ್ಕೋತೀನಿ. ಮುಗಿಯೋ ತನಕ ಇಲ್ಲೇ ಇರ್ತೀನಿ."

"ಆಮೇಲೆ?"

ಅವನು ತಲೆ ತಗ್ಗಿಸಿದ. "ಆಮೇಲೂ ಇರೋ ಆಸೆ. ನಿಮ್ಮನ್ನ ಮದುವೆ ಆಗ್ಬೇಕು ಅನ್ನೋ ಆಸೆ. ಕೇಳೋ ಯೋಗ್ಯತೆ ಇವತ್ತು ಕಳ್ಕೊಂಡೆ."

ಗಿರಿಜಾ ಅಜ್ಜಿಯ ಸೆರಗು ಸರಿಮಾಡಿದಳು.

"ನಾಳೆ ನಂಗೇನಾದ್ರೂ ಆದ್ರೆ, ನಂಗೇ ಮೊದ್ಲು ಹೇಳ್ಬೇಕು."

"ಹೇಳ್ತೀನಿ."

"ಅಳ್ತೀನಿ ಅಂತ ಮುಚ್ಚಿಡಬಾರದು."

"ಅಳು ಗಿರಿಜಾ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಆಗ ಬಂತು ಅಳು... ಐದು ತಿಂಗಳದ್ದು, ಬೋರಯ್ಯಜ್ಜನದ್ದು. ಅವನು ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ.