ಸಿಪಾಯಿ ನಾಗಲಿಂಗನ ಹಾಜರಿ

ಬೆಳಗಾವಿಯ ಮಹಾಂತೇಶ ನಗರದಲ್ಲಿ, ನಿವೃತ್ತ ಸುಭೇದಾರ ಬಾಳಾಸಾಹೇಬರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ, ತಿಂಗಳ ಎರಡನೇ ರವಿವಾರ ಹನ್ನೊಂದು ಜನ ಸೇರಿ ಯುದ್ಧ ಮಾಡುತ್ತಿದ್ದರು. ಅದು ಸೇನಾ ಇತಿಹಾಸ ಮಂಡಳಿ. ಕೇರಂ ಬೋರ್ಡೇ ರಣರಂಗ. ಶೇಂಗಾಕಾಳು ಕುದುರೆದಂಡು, ಪುಠಾಣಿ ಕಾಲಾಳು. ಹದಿನೇಳು ವರ್ಷದಲ್ಲಿ ಅಧ್ಯಕ್ಷ ಬಾಳಾಸಾಹೇಬರು ಒಂದೂ ಯುದ್ಧ ಸೋತಿಲ್ಲ. ಸೋಲುವ ಲಕ್ಷಣ ಕಂಡ ಕೂಡಲೇ ಎದುರಾಳಿಯ ಕುದುರೆದಂಡನ್ನು ತಿಂದುಬಿಡುತ್ತಿದ್ದರು.

ಯುದ್ಧಕ್ಕೆ ಮೊದಲು ಹಾಜರಿ. ನೂರು ವರ್ಷದ ಹಿಂದೆ ಮೊದಲ ಮಹಾಯುದ್ಧಕ್ಕೆ ಬಸ್ರಾ, ಫ್ರಾನ್ಸು ಅಂತ ಹೋಗಿ ತಿರುಗಿ ಬಾರದ ಈ ಸೀಮೆಯ ಸಿಪಾಯಿಗಳ ಹೆಸರನ್ನು ಮಂಡಳಿಯವರು ಹಳ್ಳಿಹಳ್ಳಿಯ ಸ್ಮಾರಕದ ಕಲ್ಲು ನೋಡಿ ಬರೆದುಕೊಂಡಿದ್ದರು. ಒಬ್ಬೊಬ್ಬ ಸದಸ್ಯನಿಗೆ ಒಬ್ಬೊಬ್ಬ ಸಿಪಾಯಿ. ಹೆಸರು ಕೂಗಿದಾಗ ಆ ಸದಸ್ಯ ಎದ್ದು ನಿಂತು "ಹಾಜರ್" ಅನ್ನಬೇಕು. ಬಾಳಾಸಾಹೇಬರು ಕೂಗುವ ಅಬ್ಬರಕ್ಕೆ ಅತ್ತ ಕೋಟೆಯ ಪಾರಿವಾಳಗಳು ಸಾಲಾಗಿ ನಿಲ್ಲುತ್ತಿದ್ದವು. ನೋಡಿದವರಿದ್ದಾರೆ.

ಗಜಾನನನ ಪಾಲಿಗೆ ಬಂದವನು ಸಿಪಾಯಿ ನಾಗಲಿಂಗ, ಖಾನಾಪುರ ಕಡೆಯವನು.

ಗಜಾನನನಿಗೆ ನಲವತ್ತಾರು. ಫೌಂಡ್ರಿಯಲ್ಲಿ ಎರಕದ ತುಂಡುಗಳನ್ನು ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ಬಿರುಕಿದೆಯೋ ಇಲ್ಲವೋ ಹೇಳುವುದು ಅವನ ಕೆಲಸ. ಹೆಂಡತಿ ಶೀತಲ ತೀರಿಕೊಂಡು ಮೂರು ವರ್ಷವಾಗಿತ್ತು. ಅವನು ಅತ್ತಿರಲಿಲ್ಲ. ಅಳಬಾರದೆಂದಲ್ಲ, ಬಂದಿರಲೇ ಇಲ್ಲ. ಕಾದು ನೋಡಿದ. ಆಮೇಲೆ ಕಾಯುವುದನ್ನೂ ಬಿಟ್ಟ. ಊಟ, ಶಿಫ್ಟು, ನಿದ್ದೆ ಎಲ್ಲ ಪಕ್ಕದ ಮನೆಯವರದು ಅನ್ನುವ ಹಾಗೆ ನಡೆದಿದ್ದವು. ತಿಂಗಳಿಗೊಮ್ಮೆ ಎದ್ದು ನಿಂತು "ಹಾಜರ್" ಅನ್ನುವಾಗ ಮಾತ್ರ ತಾನೂ ಎಲ್ಲೋ ಇದ್ದೇನೆ ಅನ್ನಿಸುತ್ತಿತ್ತು, ಬೇರೆಯವನ ಹೆಸರಲ್ಲಾದರೂ.

ಅವತ್ತೂ ಹಾಗೇ ಎದ್ದ. "ಹಾಜರ್."

"ತಡೀರಿ ತಡೀರಿ," ಬಾಗಿಲಲ್ಲಿ ಒಬ್ಬಳು ಹೆಲ್ಮೆಟ್ ಹಿಡಿದು ನಿಂತಿದ್ದಳು. "ಅಂವಾ ಯುದ್ಧದಾಗ ಸತ್ತಿಲ್ರಿ."

ಹನ್ನೊಂದು ತಲೆ ತಿರುಗಿದವು.

"ಸತ್ತಿದ್ದು ಅರವತ್ತೊಂದರಾಗ. ಹಲಸಿನ ಹಣ್ಣ ಅತೀ ತಿಂದು. ನಾ ಸುಹಾಸಿನಿ, ಖಾನಾಪುರದಾಕಿ. ಅಂವಾ ನಮ್ಮ ಮುತ್ತಜ್ಜ. ಫೇಸ್‌ಬುಕ್ಕಿನ್ಯಾಗ ನಿಮ್ಮ ಪಟ್ಟಿ ನೋಡಿ ಬಂದೀನಿ." ಆಮೇಲೆ ಗಜಾನನನ ಕಡೆ ತಿರುಗಿ ಮೇಲಿನಿಂದ ಕೆಳಗೆ ನೋಡಿದಳು. "ನೀವೇನ್ರಿ ನಮ್ಮ ಮುತ್ತಜ್ಜ?"

"ಆರು ವರ್ಷ ಆತ್ರಿ," ಅಂದ ಗಜಾನನ.

ಅವಳ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಇನ್ನೊಂದು ತುದಿ ಗಂಭೀರವಾಗಿಯೇ ಇತ್ತು. ಅವನು ಅದನ್ನು ಗಮನಿಸಿದ, ಎರಕದ ತುಂಡನ್ನು ಗಮನಿಸಿದ ಹಾಗೆ.

ಬಾಳಾಸಾಹೇಬರು ಪೆನ್ನು ಕೆಳಗಿಟ್ಟರು. "ಗಜಾನನ, ಸಿಪಾಯಿ ಇಲ್ಲದವರಿಗೆ ಇಲ್ಲಿ ಕುರ್ಚಿ ಇಲ್ಲ. ನಿಯಮ ಅಂದ್ರ ನಿಯಮ. ಹೋಗಿ ಚೌಕಶಿ ಮಾಡ್ಕೊಂಡ ಬಾ. ಮುಂದಿನ ಹಾಜರಿ ಒಳಗ ತೀರ್ಮಾನ ಹೇಳಬೇಕು. ಸತ್ತಾನೋ, ಬಂದಾನೋ."

ಮುಂದಿನ ರವಿವಾರ ಗಜಾನನ ಬಸ್ಸಿಗೆ ಖಾನಾಪುರಕ್ಕೆ ಹೋದ. ಅಲ್ಲಿಂದ ಅವಳ ಸ್ಕೂಟಿಯ ಹಿಂದೆ ಹಳ್ಳಿಗೆ. ನಡುವೆ ಅವಳ ಹೆಲ್ಮೆಟ್ಟು, ಚೀಲ, ಮತ್ತು ಒಂದು ಸಂಸಾರ ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದ.

"ಹಿಂದ ಬಿದ್ದಗಿದ್ದೀರಿ," ಅಂದಳು.

"ಬಿದ್ರ ಹೇಳ್ತೀನ್ರಿ."

ಸಾಲೆಯ ಬಾಜು ಆ ಕಲ್ಲಿತ್ತು. ಸುಣ್ಣದ ಮೇಲೆ ಸುಣ್ಣ ಬಳಿದು ಅಕ್ಷರಗಳು ಊದಿಕೊಂಡಿದ್ದವು. ನಾಗಲಿಂಗ ಸತ್ತನೆಂದು ಸುದ್ದಿ ಬಂದು, ಕಲ್ಲು ಕೆತ್ತಿಸಿ, ತಿಥಿಯೂಟ ಮುಗಿದ ಮೂರು ವರ್ಷಕ್ಕೆ ನಾಗಲಿಂಗನೇ ಬಂದನಂತೆ. ಕೆತ್ತಿದ ಹೆಸರನ್ನು ಅಳಿಸುವುದು ಹೇಗೆ? ಬಿಟ್ಟರು. ಮುಂದೆ ನಲವತ್ತು ವರ್ಷ ತನ್ನ ಹೆಸರಿಗೆ ತಾನೇ ಸುಣ್ಣ ಬಳಿದನಂತೆ.

ಗಜಾನನ ಅಭ್ಯಾಸಬಲದಿಂದ ಬೆರಳ ಗಣ್ಣಿನಿಂದ ಕಲ್ಲನ್ನು ಬಡಿದು ಕಿವಿಗೊಟ್ಟ.

"ಏನಂತೈತ್ರಿ?"

"ಬಿರುಕಿಲ್ರಿ."

"ನಿಮ್ಮನ್ನ ಬಡದು ನೋಡಿದ್ರ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಸದ್ದ ಬರೂದಿಲ್ರಿ."

ಸುಹಾಸಿನಿ ನಗಲಿಲ್ಲ. ಅವಳು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವವಳು. ಸಿಗದ ನರವನ್ನು ಹುಡುಕುವಾಗ ನೋಡುತ್ತಾಳಲ್ಲ, ಹಾಗೆ ಅವನನ್ನು ನೋಡಿದಳು. ಎರಡು ಸಲ ನೋಡಿದಳು. ಎರಡನೇ ಸಲ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.

ಮನೆಯ ಪಡಸಾಲೆಯಲ್ಲಿ ಚಹಾ ಕೊಟ್ಟಳು. ಅವಳ ತಾಯಿ ನಿಂಗವ್ವ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ, ಕಿವಿಯನ್ನು ಒಳಗೇ ಬಿಟ್ಟಿದ್ದಳು. ಗಜಾನನ ಪೂರ್ತಿ ಕುಡಿದು ಕಪ್ಪನ್ನು ಕೆಳಗಿಟ್ಟ.

"ಹೆಂಗಿತ್ರಿ ಚಾ?"

"ಛಲೋ ಇತ್ರಿ."

ಅವಳು ಖಾಲಿ ಕಪ್ಪನ್ನೇ ಸ್ವಲ್ಪ ಹೊತ್ತು ನೋಡಿ ಮಾತು ಬದಲಿಸಿದಳು. "ನಮ್ಮ ಮುತ್ತಜ್ಜ ಬಂದಾ ಖರೇ, ಮಂದಿ ಅಂತಿದ್ರು, ಮೈ ಬಂದೈತಿ, ಮನಷ್ಯಾ ಇನ್ನೂ ಹಡಗದಾಗ ಅದಾನ ಅಂತ. ದಿನಾ ಆ ಕಲ್ಲಿನ ಮುಂದ ಕುಂದರಾಂವ. ಮಾತಿಲ್ಲ, ಕತಿ ಇಲ್ಲ. ಮುತ್ತಜ್ಜಿ ಸಾವಂತ್ರವ್ವ ಸಂಜಿಕ್ಕ ಬಾಗಲಾಗ ನಿಂತು ಕರೀಬೇಕು. ಗಂಡನ ಹೆಸರ ಹೇಳುವಂಗಿಲ್ಲ ನೋಡ್ರಿ. ಅದಕ್ಕ 'ಅದೀರೇನ್ರೀ?' ಅಂತ ಕೂಗಾಕಿ. ಹನ್ನೊಂದ ತಿಂಗಳ ಕೂಗಿದ್ಲು."

"ಓಗೊಟ್ಟನೇನ್ರಿ?"

"ಇಲ್ಲ. ಒಂದಿನ ಆಕಿಗೆ ಬ್ಯಾಸರಾತು, ಕೂಗಲಿಲ್ಲ. ಹೊತ್ತ ಮುಣಗಿದ ಮ್ಯಾಲ ಅಂವನ ಎದ್ದ ಬಂದು ಕೇಳಿದ್ನಂತ, 'ಯಾಕ, ಇವತ್ತ ಕರೀಲಿಲ್ಲ?'"

ಅಂಗಳದಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

ಅವನು ಬೆಳಗಾವಿ ಮುಟ್ಟಿದಾಗ ಸಂಜೆ ಏಳು. ಸುಹಾಸಿನಿಯ ಫೋನ್ ಬಂತು.

"ಅದೀರೇನ್ರಿ?"

"ಹೂಂ," ಅಂದ. ಫೋನ್ ಕಟ್ಟಾಯಿತು.

ಮರುದಿನ ಏಳಕ್ಕೆ ಮತ್ತೆ. "ಅದೀರೇನ್ರಿ?" "ಹೂಂ." ಅದರ ಮರುದಿನವೂ. ಎಂಟನೇ ದಿನ ಅವಳು "ಏನ ಉಂಡ್ರಿ?" ಅಂದಳು. ಅವನಿಗೆ ನೆನಪಾಗಲಿಲ್ಲ. ಒಂಬತ್ತನೇ ದಿನ ಕೇಳಿದರೆ ಹೇಳಬೇಕಲ್ಲ ಅಂತ ತಟ್ಟೆ ನೋಡಿಕೊಂಡು ಉಂಡ. ಹದಿನೈದನೇ ದಿನ ಆರೂ ಐವತ್ತಕ್ಕೆ ಕೈತೊಳೆದು, ತಲೆ ಬಾಚಿ ಕುಳಿತ. ಫೋನಿನಲ್ಲಿ ತಲೆ ಕಾಣುವುದಿಲ್ಲ ಅನ್ನುವುದು ಗೊತ್ತಿತ್ತು. ಆದರೂ ಬಾಚಿದ.

ಇಪ್ಪತ್ತೊಂದನೇ ದಿನ, ಶನಿವಾರ, ಏಳಾಯಿತು. ಫೋನ್ ಬರಲಿಲ್ಲ. ಏಳೂ ಹತ್ತಾಯಿತು. ಫೋನನ್ನು ಬೆರಳಿನಿಂದ ಬಡಿದು ನೋಡಿದ, ಬಿರುಕಿರಲಿಲ್ಲ.

ಮರುದಿನ ಎರಡನೇ ರವಿವಾರ. ಆರು ವರ್ಷದಲ್ಲಿ ಮೊದಲ ಸಲ ಗಜಾನನ ಮಂಡಳಿಗೆ ಹೋಗದೆ ಖಾನಾಪುರದ ಬಸ್ಸು ಹತ್ತಿದ. ನೂಕುನುಗ್ಗಲಿನಲ್ಲಿ ಒಬ್ಬಾಕೆ ಹಾಲಿನ ಕ್ಯಾನನ್ನು ಅವನ ಪಾದದ ಮೇಲೆ ಇಳಿಸಿದಳು.

"ಯವ್ವಾ!" ಅಂದ. ನೋವಾಗಿತ್ತು. ಅವನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಆಕೆಗೆ ತನ್ನ ಸೀಟು ಬಿಟ್ಟುಕೊಟ್ಟ.

ಸುಹಾಸಿನಿ ಬಾಗಿಲು ತೆಗೆದಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿಗೋ ಹೋಗಿ, ಒಂದೇ ಉಳಿದಿತ್ತು.

"ಯಾಕ್ರಿ, ನಿನ್ನಿ ಕರೀಲಿಲ್ಲ?"

ಅಂದ ಮೇಲೆ ಅದು ಯಾರ ಮಾತೆಂದು ಹೊಳೆಯಿತು. ಕಿವಿ ಬಿಸಿಯಾಯಿತು. ಅವಳ ತುಟಿಯ ಎರಡೂ ತುದಿಗಳು ಈ ಸಲ ಕೂಡಿಯೇ ನಕ್ಕವು.

"ಮುತ್ತಜ್ಜಿ ಹನ್ನೊಂದ ತಿಂಗಳ ಕರದ್ಲು. ನನಗ ಅಷ್ಟ ತಾಳ್ಮಿ ಇಲ್ರಿ. ಇಪ್ಪತ್ತ ದಿನಕ್ಕ ಸಾಕಾತು, ಬಿಟ್ಟ ನೋಡಿದೆ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಬರ್ತೀರೋ ಇಲ್ಲೋ ಅಂತ ರಾತ್ರಿ ನಿದ್ದಿ ಬರಲಿಲ್ಲ ಮತ್ತ."

"ಒಳಗ ಕರಿಯವಾ ಮೊದಲ," ಅಂಗಳದಿಂದ ನಿಂಗವ್ವ ಅಂದಳು. "ಕಾಲ ಕುಂಟಾಕ ಹತ್ತ್ಯಾನ."

ಚಹಾ ಬಂತು. ಗಜಾನನ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಇದರಾಗ ಸಕ್ಕರಿ ಇಲ್ರಿ."

ಸುಹಾಸಿನಿ ತಟ್ಟನೆ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು ಬಂದಿದ್ದನ್ನು ಸೆರಗಿನಿಂದ ಒತ್ತಿಕೊಂಡಳು. "ಹೋದ ಸಲಾನೂ ಇದ್ದಿದ್ದಿಲ್ರಿ," ಅಂದಳು. "ಆವತ್ತ ಹಾಕೂದ ಮರತಿದ್ದೆ. ಇವತ್ತ ಬೇಕಂತ ಹಾಕಿಲ್ಲ."

ಗಜಾನನ ಅವಳ ಒದ್ದೆ ರೆಪ್ಪೆಯನ್ನು ನೋಡಿದ. ತನ್ನ ಎದೆಯೊಳಗೆ ಯಾರೋ ಗಣ್ಣಿನಿಂದ ಮೆತ್ತಗೆ ಬಡಿದಂತಾಯಿತು. ಕಿವಿಗೊಟ್ಟ. ಬಿರುಕಿನ ಸದ್ದೇ. ಆದರೆ ಸದ್ದು.

ಆಗಲೇ ಫೋನ್ ಬಂತು. ಸ್ಪೀಕರ್ ಹಾಕುವ ಅಗತ್ಯವಿರಲಿಲ್ಲ. ಬಾಳಾಸಾಹೇಬರ ದನಿಗೆ ಅಂಗಳದ ಕೋಳಿಗಳೂ ಸಾಲಾದವು.

"ಗಜಾನನ! ಹಾಜರಿ ಚಾಲೂ ಐತಿ, ಎಲ್ಲಿ ಅದಿಯೋ? ಏನ ತೀರ್ಮಾನ ಆತು? ಅಂವಾ ಸತ್ತಾನೋ, ಬಂದಾನೋ?"

ಸುಹಾಸಿನಿ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದಳು. ಗಜಾನನ ಅವಳನ್ನೇ ನೋಡುತ್ತ ಫೋನಿಗೆ ಹೇಳಿದ.

"ಬಂದಾನ್ರಿ ಸಾಹೇಬ್ರ. ಭಾಳ ತಡಾ ಆತು. ಬಂದಾನ."